ಬೆರಳು ಮಾಡುವ ಕೆಲಸ ಕಣ್ಣಿಗೇಕೆ?

ಮಳೆಗಾಲದ ಒಂದು ರಾತ್ರಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ತಂಗಿಯ ಮಗನ ಹೊಸ ಕಾರು. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕವಿಯಿತು. ಗಾಳಿಯನ್ನು ಗಾಜಿನ ಕಡೆ ತಿರುಗಿಸಲು ಗುಂಡಿಯೇ ಇಲ್ಲ, ಇದ್ದದ್ದು ಟಚ್‌ಸ್ಕ್ರೀನ್. ಅದರಲ್ಲೊಂದು ಪಟ್ಟಿ, ಪಟ್ಟಿಯೊಳಗೆ ಇನ್ನೊಂದು ಪಟ್ಟಿ. ‘ಮಾಮು, ನೀವೇ ಒತ್ತಿ’ ಎಂದ. ಎದುರಿಗೆ ಲಾರಿ ಬರುತ್ತಿತ್ತು.

ನನ್ನ ಹಳೆಯ ಕಾರಿನಲ್ಲಿ ಇದಕ್ಕೆಲ್ಲ ತಿರುಗಿಸುವ ಗುಂಡಿಗಳಿದ್ದವು. ಕತ್ತಲಲ್ಲೂ ಬೆರಳಿಗೆ ಅವುಗಳ ಜಾಗ ಗೊತ್ತಿತ್ತು. ನುಣುಪು ಸ್ಕ್ರೀನಿನ ಮೇಲೆ ಬೆರಳಿಗೆ ಏನೂ ತಿಳಿಯದು. ಅದರ ಕೆಲಸವನ್ನೂ ಕಣ್ಣೇ ಮಾಡಬೇಕು.

ಇದು ಹಳಬರ ಗೊಣಗಾಟವಲ್ಲ. ಸ್ವೀಡನ್ನಿನ ಒಂದು ವಾಹನ ಪತ್ರಿಕೆ 2022ರಲ್ಲಿ 11 ಹೊಸ ಕಾರುಗಳನ್ನು 2005ರ ಒಂದು ವೋಲ್ವೋದೊಂದಿಗೆ ಹೋಲಿಸಿ ನೋಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ರೇಡಿಯೋ ಹಾಕುವಂಥ ನಾಲ್ಕು ಸಣ್ಣ ಕೆಲಸಗಳು. ಹಳೆಯ ವೋಲ್ವೋದಲ್ಲಿ 10 ಸೆಕೆಂಡು ಸಾಕಾಯಿತು. ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿನಲ್ಲಿ 44.9 ಸೆಕೆಂಡು, 1,372 ಮೀಟರ್!

ಪ್ರತಿ ಗುಂಡಿಗೂ ಅಚ್ಚು, ತಂತಿ, ಜೋಡಣೆಯ ಖರ್ಚುಂಟು. ಸ್ಕ್ರೀನ್ ಒಂದಿದ್ದರೆ ಅದೆಲ್ಲ ಉಳಿತಾಯ. ಶೋರೂಮಿನಲ್ಲಿ ಹೊಳಪೂ ಹೌದು. ನಿಂತ ಕಾರಿನಲ್ಲಿ ಕುಳಿತು ಮೆಚ್ಚಿದ್ದಕ್ಕೆ ಓಡುವ ಕಾರಿನಲ್ಲಿ ಬೆಲೆ ತೆರುತ್ತೇವೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಯುರೋ ಎನ್‌ಕ್ಯಾಪ್ ಸಂಸ್ಥೆಯು ಇಂಡಿಕೇಟರ್, ವೈಪರ್, ಹಾರ್ನ್‌ಗಳಂಥವಕ್ಕೆ ಕೈಗೆ ಸಿಗುವ ಗುಂಡಿ, ಹಿಡಿಕೆಗಳಿವೆಯೇ ಎಂಬುದನ್ನು 2026ರ ತನ್ನ ನಿಯಮಗಳಲ್ಲಿ ಅಂಕಕ್ಕೆ ಸೇರಿಸಿದೆ. ಕೊಳ್ಳುವ ನಾವೂ ಅದನ್ನು ಕೇಳಬೇಕು.

ಅಂದು ಲಾರಿ ದಾಟಿಹೋಯಿತು. ನಮ್ಮನ್ನು ಕಾಪಾಡಿದ್ದು ಆ ಸ್ಕ್ರೀನ್ ಅಲ್ಲ. ಗಾಜು ಒರೆಸಿದ ನನ್ನ ಕರವಸ್ತ್ರ.