ದೊಂದಿ ಬೆಳಕಿಗೆ ಕಣ್ಣೊಂದೇ ಸಾಲದು

ಗುಂಡಿ ಒತ್ತಿದೆ, ಸದ್ದು ಬರಲಿಲ್ಲ. ಮತ್ತೊಮ್ಮೆ ಒತ್ತಿದೆ. ಆಗಲೂ ಇಲ್ಲ. ಎರಡು ಮಾರು ದೂರದಲ್ಲಿ ಭಾಗವತರು ಕರುಣರಸದ ಪದ್ಯವೊಂದನ್ನು ಎಳೆದು ಹಾಡುತ್ತಿದ್ದರು, ಮದ್ದಳೆಯವರ ಬೆರಳು ಚರ್ಮಕ್ಕೆ ತಾಗಿತೋ ಇಲ್ಲವೋ ಎಂಬಷ್ಟು ಮೆತ್ತಗಿತ್ತು. ಇಂಥ ಹೊತ್ತಿನಲ್ಲಿ ನನ್ನ ಹಳೆಯ ಕ್ಯಾಮೆರಾದ ಕನ್ನಡಿ ಟಪಕ್ಕೆಂದರೆ ಮುಂದೆ ಚಾಪೆ ಹಾಸಿ ಕೂತ ಹಿರಿಯರು ತಿರುಗಿ ನೋಡುತ್ತಿದ್ದರು. ಈ ಸಲ ಯಾರೂ ತಿರುಗಲಿಲ್ಲ.

ಕೋಟೇಶ್ವರದ ಹತ್ತಿರ, ಕೊಯ್ಲು ಮುಗಿದ ಗದ್ದೆಯಲ್ಲಿ, ಹಳೆಯ ಕ್ರಮದ ದೊಂದಿ ಬೆಳಕಿನ ಯಕ್ಷಗಾನದ ಆಟ. ಟ್ಯೂಬ್‌ಲೈಟ್ ಇಲ್ಲ, ಎಲ್‌ಇಡಿ ಇಲ್ಲ. ನನ್ನ ಕೊರಳಲ್ಲಿದ್ದದ್ದು ಗೆಳೆಯರೊಬ್ಬರು ನಾಲ್ಕು ದಿನಕ್ಕೆಂದು ಕೊಟ್ಟ ನಿಕಾನ್ ಝಡ್‌6 ತ್ರೀ, 2024ರ ಜೂನ್‌ನಲ್ಲಿ ಹೊರಬಂದದ್ದು. ಆ ನಾಲ್ಕು ದಿನ ಮುಗಿಯುವುದರೊಳಗೆ, ಇಪ್ಪತ್ತು ವರ್ಷ ನಾನೇ ನಂಬಿ, ನಾನೇ ಹತ್ತಾರು ಹುಡುಗರಿಗೆ ಹೇಳಿಕೊಟ್ಟ ಮಾತೊಂದನ್ನು ಬಿಟ್ಟುಕೊಡಬೇಕಾಯಿತು.

ಆ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ. ಕುಂದಾಪುರದ ಯಾವ ಸ್ಟುಡಿಯೋದ ಮೆಟ್ಟಿಲು ಹತ್ತಿದರೂ ಕೇಳುತ್ತದೆ: "ಹ್ವಾಯ್, ಕ್ಯಾಮ್ರ ಎಂತದ್ದಾರೂ ಅಡ್ಡಿಲ್ಲ ಮಾರಾಯ್ರೆ, ಕಣ್ಣ್ ಬೇಕ್." ಛಾಯಾಚಿತ್ರ ಪ್ರದರ್ಶನದ ದೀಪ ಹಚ್ಚಿದವರೂ ಇದನ್ನೇ ಹೇಳುತ್ತಾರೆ, ಶಿಬಿರ ನಡೆಸುವವರೂ ಇದನ್ನೇ ಹೇಳುತ್ತಾರೆ. ಕೇಳಲು ಹಿತವಾದ ಮಾತು, ವಿನಯದ ಮಾತಿನಂತೆಯೂ ಕಾಣುತ್ತದೆ. ಆದರೆ ಅದು ತಪ್ಪು, ಮತ್ತು ನಮ್ಮ ಕರಾವಳಿಯ ರಾತ್ರಿಗಳ ವಿಷಯದಲ್ಲಂತೂ ಅದರಿಂದ ಅನ್ಯಾಯವೇ ಆಗಿದೆ.

ಲೆಕ್ಕ ಸರಳ. ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ದೊಂದಿ ವೇಷಧಾರಿಯ ಮುಖದ ಹತ್ತಿರ ಉರಿಯುವಾಗ, ಎಫ್ 2.8ರ ಲೆನ್ಸಿನಲ್ಲಿ, ಬೆಳಕು ಹೀರುವ ವೇಗ, ಅಂದರೆ ಐಎಸ್‌ಒ, 12,800 ಇಟ್ಟುಕೊಂಡರೆ ಸೆಕೆಂಡಿನ 250ನೇ ಒಂದು ಭಾಗದಲ್ಲಿ ನನಗೆ ಚಿತ್ರ ಸಿಕ್ಕಿತು. ಫಿಲ್ಮ್ ಕಾಲದಲ್ಲಿ ನಮ್ಮ ಕೈಗೆ ಸುಲಭವಾಗಿ ಸಿಗುತ್ತಿದ್ದ ವೇಗದ ರೋಲ್ ಎಂದರೆ 400ರದ್ದು. 12,800 ಅದರ 32 ಪಟ್ಟು. ಅಂದರೆ ಅದೇ ಬೆಳಕಲ್ಲಿ, ಅದೇ ಲೆನ್ಸಿನಲ್ಲಿ ಆ ರೋಲಿಗೆ ಸೆಕೆಂಡಿನ ಎಂಟನೇ ಒಂದು ಭಾಗ ಬೇಕಿತ್ತು. ಅಷ್ಟು ಹೊತ್ತಿನಲ್ಲಿ ದಿಗಿಣ ಹಾಕುವವನ ಕಾಲು ನೆಲ ಬಿಟ್ಟು ಮೇಲೇರಿರುತ್ತದೆ, ಕೇದಗೆ ಮುಂದಲೆ ಒಂದು ಕೆಂಪು ಮಬ್ಬಾಗಿರುತ್ತದೆ. ಇಲ್ಲಿ ಕಣ್ಣು ಎಷ್ಟೇ ಚುರುಕಾಗಿದ್ದರೂ ಮಾಡುವುದೇನು?

ಮಾಡುವುದು ಒಂದೇ ಇತ್ತು, ಫ್ಲ್ಯಾಶ್. ನಮ್ಮ ಮನೆಗಳ ಆಲ್ಬಮ್‌ಗಳಲ್ಲಿರುವ ಹಳೆಯ ಆಟದ ಫೋಟೊಗಳನ್ನು ಒಮ್ಮೆ ಹೊರಗೆ ತೆಗೆದು ನೋಡಿ. ಮುಖ ಸುಣ್ಣ ಬಳಿದ ಗೋಡೆಯಂತೆ, ಹಿಂದಿನ ಪರದೆಯ ಮೇಲೆ ಕಪ್ಪು ನೆರಳು, ಅದರಾಚೆ ಏನೂ ಇಲ್ಲ. ಯಕ್ಷಗಾನದ ಮುಖವರ್ಣಿಕೆ ಹುಟ್ಟಿ ಬೆಳೆದದ್ದು ಬೆಂಕಿಯ ಬೆಳಕಿನಲ್ಲಿ. ಉರಿ ಅಲುಗಿದಾಗ ಕಣ್ಣಿನ ಸುತ್ತಲಿನ ಕಪ್ಪು ಆಳವಾಗುತ್ತದೆ, ಅಕ್ಕಿಹಿಟ್ಟಿನ ಚುಟ್ಟಿಯ ಒಂದೊಂದು ಮುಳ್ಳೂ ತನ್ನದೇ ನೆರಳು ಚೆಲ್ಲುತ್ತದೆ, ಹೊಂಬಣ್ಣದ ಭುಜಕೀರ್ತಿ ಮಿಂಚಿ ಆರುತ್ತದೆ. ಫ್ಲ್ಯಾಶ್ ಇದಿಷ್ಟನ್ನೂ ಒಂದೇ ಹೊಡೆತಕ್ಕೆ ಅಳಿಸಿಹಾಕುತ್ತಿತ್ತು. ಹಾಗೆ ತೆಗೆದವರಿಗೆ ಕಣ್ಣಿರಲಿಲ್ಲವೇ? ರಾತ್ರಿಯಿಡೀ ನಿದ್ದೆಗೆಟ್ಟು, ಯಾವ ಪದ್ಯಕ್ಕೆ ಯಾವ ನಡೆ, ಎಲ್ಲಿ ಕಲಾವಿದ ತಿರುಗುತ್ತಾನೆ ಎಂದು ಬಾಯಿಪಾಠ ಮಾಡಿಕೊಂಡವರು ಅವರು. ನನಗಿಂತ ಚೆನ್ನಾಗಿ ಆಟ ಕಂಡವರು. ಅವರ ಕೈಯಲ್ಲಿದ್ದ ಪೆಟ್ಟಿಗೆಗೆ ಅವರು ಕಂಡದ್ದು ಕಾಣುತ್ತಿರಲಿಲ್ಲ, ಅಷ್ಟೇ.

ಇನ್ನೂ ಹಿಂದಕ್ಕೆ ಹೋಗೋಣ. ಇಲ್ಲಿಗೆ ಹತ್ತಿರದ ಕೋಟದ ಶಿವರಾಮ ಕಾರಂತರು 1930ರ ಸುಮಾರಿಗೇ 'ಡೊಮಿಂಗೊ' ಎಂಬ ಮೂಕಿ ಚಿತ್ರ ಮಾಡಿದವರು. ಯಕ್ಷಗಾನದ ಬಗ್ಗೆ ಅವರಿಗಿದ್ದ ನೋಟವನ್ನು ಯಾರೂ ಪ್ರಶ್ನಿಸುವಂತಿಲ್ಲ. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಕ್ಯಾಮೆರಾ ಬಲ್ಲವರು, ಕಲೆ ಬಲ್ಲವರು, ಊರಿನವರು. ಗ್ಯಾಸ್‌ಲೈಟು, ವಿದ್ಯುತ್ತು ಬಯಲಾಟವನ್ನು ಪೂರ್ತಿ ಆವರಿಸುವ ಮುಂಚಿನ ಕಾಲವನ್ನು ಕಂಡವರು. ಕಣ್ಣೊಂದೇ ಸಾಕಾಗಿದ್ದರೆ ಆ ಕಾಲದ ದೊಂದಿ ರಾತ್ರಿಗಳ ನಿಜವಾದ ಬಣ್ಣ, ನಿಜವಾದ ಚಲನೆ ಇವತ್ತು ನಮ್ಮ ಮುಂದಿರಬೇಕಿತ್ತು. ಅಂದಿನ ಫಿಲ್ಮಿಗೆ ಅದನ್ನು ಹಿಡಿಯುವ ಶಕ್ತಿಯೇ ಇರಲಿಲ್ಲ.

ಈಗ ಕೈಯಲ್ಲಿದ್ದ ಪೆಟ್ಟಿಗೆಯ ಸಂಗತಿ. ಬ್ಯಾಟರಿ, ಕಾರ್ಡು ಸೇರಿ 760 ಗ್ರಾಂ. ಹಿಡಿತ ಆಳವಾಗಿದೆ, ಕಿರುಬೆರಳು ಕೆಳಗೆ ಜಾರುವುದಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಇದು ಸಣ್ಣ ವಿಷಯವಲ್ಲ. 24.5 ಮೆಗಾಪಿಕ್ಸೆಲ್ ಅಂದರೆ ಇಂದಿನ ಲೆಕ್ಕಕ್ಕೆ ದೊಡ್ಡದೇನಲ್ಲ, ನನಗೆ ಅಷ್ಟು ಸಾಕು. ಇದರ ಹೊಸತನ ಇರುವುದು ಸೆನ್ಸರಿನ ವೇಗದಲ್ಲಿ: ಹಿಂದಿನ ಝಡ್‌6 ಟೂಗಿಂತ ಮೂರೂವರೆ ಪಟ್ಟು ಬೇಗ ಚಿತ್ರವನ್ನು ಓದಿ ಮುಗಿಸುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟುಕೊಂಡರೂ ಬೀಸಿದ ಕತ್ತಿ ಬಿಲ್ಲಿನಂತೆ ಬಾಗಿ ಕಾಣುವುದು ಕಡಿಮೆಯಾಗುವುದು ಇದರಿಂದಲೇ. ಆ ವೇಗ ಬಿಟ್ಟಿ ಬಂದದ್ದಲ್ಲ. ಕಡಿಮೆ ಐಎಸ್‌ಒದಲ್ಲಿ ನೆರಳನ್ನು ಬಹಳ ಎತ್ತಿದರೆ ಹಳೆಯ ಝಡ್‌6 ಟೂಗಿಂತ ಇದರಲ್ಲಿ ಚಿತ್ರದ ಕಾಳು (ನಾಯ್ಸ್) ಸ್ವಲ್ಪ ಹೆಚ್ಚು ಎಂದು ಅಳತೆ ಮಾಡಿದವರು ತೋರಿಸಿದ್ದಾರೆ. ಹಗಲಿನ ನಿಸರ್ಗದೃಶ್ಯ ತೆಗೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಗದ್ದೆಯ ರಾತ್ರಿಗೆ ಅದು ಬಾಧಕವಲ್ಲ.

ಹಗಲಿಗೂ ಒಂದು ಮಾತಿದೆ. ವೃಶ್ಚಿಕ ಮಾಸದ ಹುಣ್ಣಿಮೆಯ ಕೊಡಿ ಹಬ್ಬದಲ್ಲಿ ಕೋಟಿಲಿಂಗೇಶ್ವರನ ರಥದ ಮುಂದೆ ನಿಂತವರಿಗೆ ಗೊತ್ತು: ಜನ ಕತ್ತೆತ್ತಿ ಗರುಡನನ್ನು ಕಾಯುತ್ತಿರುತ್ತಾರೆ. ಒಂದು ಕೈಯಲ್ಲಿ ಕಬ್ಬಿನ ಕೊಡಿ, ಇನ್ನೊಂದು ಕೈ ಹಣೆಗೆ ಅಡ್ಡ. ಅಂಥ ಬಿಸಿಲಿನಲ್ಲಿ ಕ್ಯಾಮೆರಾದ ಹಿಂದಿನ ಪರದೆ ನೋಡಿ ಚಿತ್ರ ತೆಗೆಯುವುದು ಕುರುಡು ಕೆಲಸ. ಈ ಕ್ಯಾಮೆರಾದ ವ್ಯೂಫೈಂಡರು 4,000 ನಿಟ್ಸ್‌ನಷ್ಟು ಪ್ರಕಾಶಿಸಬಲ್ಲದು. ಬಿಸಿಲಿನಲ್ಲೇ ನಿಂತು ಅದರೊಳಗೆ ನೋಡಿದೆ, ಮಂಕಾಗಲಿಲ್ಲ. ತೀರ್ಥದ ಕೆರೆಯ ಮೇಲೆ ಸುತ್ತುತ್ತಿದ್ದ ಹದ್ದೊಂದನ್ನು ಹಕ್ಕಿ ಗುರುತಿಸುವ ಫೋಕಸ್ ಬಿಡದೆ ಹಿಂಬಾಲಿಸಿತು. ಗುಂಡಿ ಪೂರ್ತಿ ಒತ್ತುವ ಒಂದು ಸೆಕೆಂಡು ಮೊದಲಿನ ಚಿತ್ರಗಳನ್ನೂ ಉಳಿಸುವ ಏರ್ಪಾಡು ಇದರಲ್ಲಿದೆ. ಅದು ಮೋಸ ಎನ್ನುವವರಿದ್ದಾರೆ. ಕುತ್ತಿಗೆ ನೋಯುವಷ್ಟು ಹೊತ್ತು ಕಾದದ್ದು ನಾನು. ಯಾರಿಗೆ ಮಾಡಿದ ಮೋಸ ಎಂದು ನನಗೆ ಅರ್ಥವಾಗುವುದಿಲ್ಲ.

ಎದುರು ಪಕ್ಷಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಇಂದಿನ ಕ್ಯಾಮೆರಾಗಳು ಕಣ್ಣು ಹುಡುಕಿ ಫೋಕಸ್ ಮಾಡುವುದನ್ನು ಕಲಿತಿರುವುದು ದಿನನಿತ್ಯದ ಮುಖಗಳಿಂದ. ಬಣ್ಣದ ವೇಷ ದಿನನಿತ್ಯದ ಮುಖವಲ್ಲ. ಒಡ್ಡೋಲಗಕ್ಕೆ ತೆರೆಯ ಹಿಂದೆ ಅದು ಬಂದು ನಿಂತಾಗ ನಾನು ಆ ಸೌಕರ್ಯವನ್ನು ಬದಿಗಿಟ್ಟು, ಒಂದೇ ಬಿಂದುವಿನ ಫೋಕಸ್ ಇಟ್ಟು, ತೆರೆ ಯಾವ ಮೂಲೆಯಿಂದ ಸರಿಯುತ್ತದೆ ಎಂದು ಕಾದೆ. ಅದು ಆಟ ನೋಡಿ ಬೆಳೆದವನ ಕೆಲಸ, ಯಂತ್ರದ ಕೆಲಸವಲ್ಲ. ಕಣ್ಣು ಬೇಡ ಎಂದು ನಾನು ಎಲ್ಲಿಯೂ ಹೇಳುತ್ತಿಲ್ಲ. ಕಣ್ಣು ಕಂಡದ್ದನ್ನು ತಲುಪಿಸುವ ಪೆಟ್ಟಿಗೆ ಬೇಕು ಎನ್ನುತ್ತಿದ್ದೇನೆ.

ಮೊಬೈಲ್ ಇದೆಯಲ್ಲ ಎನ್ನುತ್ತಾರೆ. ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಬೆಳಕು ಕೂಡಿಸುತ್ತದೆ. ನಿಂತ ಗರುಡಗಂಬಕ್ಕೆ ಅದು ಒಳ್ಳೆಯದು. ಕುಣಿಯುವ ಕಾಲಿಗೆ ಅಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹೊರಬಂದಾಗ ಬರಿಯ ಈ ಬಾಡಿಯ ಬೆಲೆಯೇ ಎರಡೂವರೆ ಲಕ್ಷದ ಹತ್ತಿರವಿತ್ತು, ತಕ್ಕ ಲೆನ್ಸು ಬೇರೆ. ಮದುವೆ ಸೀಸನ್ನಿನಲ್ಲಿ ದುಡಿದು, ಮಳೆಗಾಲದಲ್ಲಿ ಕೈ ಖಾಲಿ ಮಾಡಿಕೊಳ್ಳುವ ಹುಡುಗ ಇಷ್ಟು ಹಣ ಎಲ್ಲಿಂದ ತರಬೇಕು? ಅವನಿಗೆ ನಾವು 'ಕಣ್ಣು ಬೇಕು' ಎಂದು ಹೇಳುತ್ತೇವೆ. ಹಾಗೆ ಹೇಳಿದಾಗ, ಅವನ ಆಟದ ಫೋಟೊ ಮಬ್ಬಾದದ್ದು ಅವನದೇ ಕೊರತೆ ಎಂದು ಅವನು ನಂಬುತ್ತಾನೆ. ನನ್ನ ಬಳಿ ಕಲಿತ ಒಬ್ಬ ಹೀಗೇ ನಂಬಿ ಆಟದ ಫೋಟೊ ತೆಗೆಯುವುದನ್ನೇ ಬಿಟ್ಟ. ಅವನ ಕಣ್ಣು ಸರಿಯಾಗಿಯೇ ಇತ್ತು. ತಪ್ಪು ಹೇಳಿದ್ದು ನಾನು. ಯಕ್ಷಗಾನ ಅಕಾಡೆಮಿಯಾಗಲಿ, ಕಾಲೇಜಾಗಲಿ, ಗ್ರಂಥಾಲಯದ ಪುಸ್ತಕದಂತೆ ಇಂಥ ಒಂದು ಕ್ಯಾಮೆರಾವನ್ನು ಊರಿನ ಛಾಯಾಗ್ರಾಹಕರಿಗೆ ಸರದಿಯಲ್ಲಿ ಕೊಡುವಂತಾದರೆ, ನಮ್ಮ ಮೇಳಗಳ ಒಂದು ತಿರುಗಾಟವನ್ನಾದರೂ ಅದರದೇ ಬೆಳಕಿನಲ್ಲಿ ಉಳಿಸಿಕೊಳ್ಳಬಹುದು.

ಆಟ ಮುಗಿದ ಮೇಲೆ ಚೌಕಿಗೆ ಹೋದೆ. ರಾಜವೇಷ ಮಾಡಿದ ಕಲಾವಿದರು ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಹಿಂದಿನ ಪರದೆಯಲ್ಲಿ ಅವರದೊಂದು ಚಿತ್ರ ತೋರಿಸಿದೆ: ಅರ್ಧ ಮುಖಕ್ಕೆ ಬೆಂಕಿಯ ಹಳದಿ, ಇನ್ನರ್ಧ ಕತ್ತಲು, ಒಂದು ಕಣ್ಣಿನಲ್ಲಿ ದೊಂದಿಯ ಪುಟ್ಟ ಪ್ರತಿಬಿಂಬ.

"ಫ್ಲ್ಯಾಶ್ ಹಾಕ್ಲಿಲ್ಯಾ?" ಎಂದರು.

ಇಲ್ಲ ಎಂದೆ. ಎಣ್ಣೆಯ ಕೈ ತಾಗದಂತೆ ಮೊಣಕೈಯಿಂದ ಕ್ಯಾಮೆರಾವನ್ನು ತಮ್ಮತ್ತ ತಿರುಗಿಸಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ, ತಂದೆಯೂ ಇದೇ ವೇಷ ಮಾಡುತ್ತಿದ್ದರು, ಅವರದು ಮನೆಯಲ್ಲಿ ಒಂದೇ ಒಂದು ಫೋಟೊ ಇದೆ ಎಂದರು.

"ಇಡೀ ಬೆಳಿ ಆಯಿತ್. ಮುಖವೇ ಕಾಣ್ತಿಲ್ಲ."