220ರಲ್ಲಿ ವಯಸ್ಸು ಕಳೆದರೆ ಸಾಕೇ?

220ರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದದ್ದೇ ನಿಮ್ಮ ಹೃದಯದ ಗರಿಷ್ಠ ಬಡಿತ. ಜಿಮ್‌ನ ಗೋಡೆಯ ಪಟ್ಟಿ, ಸ್ಮಾರ್ಟ್‌ವಾಚು, ಪಾರ್ಕಿನಲ್ಲಿ ಜೊತೆಗೆ ನಡೆಯುವವರು ಎಲ್ಲರೂ ಹೇಳುವುದು ಇದನ್ನೇ. ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ನೋಡುವ ಟಿಎಂಟಿ ಪರೀಕ್ಷೆಯಲ್ಲೂ ಸಾಮಾನ್ಯವಾಗಿ ಇದರ ಶೇ 85 ಮುಟ್ಟಿದರೆ ಗುರಿ ಮುಟ್ಟಿದಂತೆ. ಇಷ್ಟೊಂದು ಜನ ನಂಬಿರುವ ಈ ಲೆಕ್ಕದ ಬುಡವೇ ಗಟ್ಟಿಯಿಲ್ಲ.

1971ರಲ್ಲಿ ಫಾಕ್ಸ್, ನಾಟನ್, ಹ್ಯಾಸ್ಕೆಲ್ ಎಂಬ ಮೂವರು ಹೃದ್ರೋಗ ಕುರಿತ ಲೇಖನವೊಂದರಲ್ಲಿ, ಬೇರೆಬೇರೆ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ಅಂದಾಜಿನ ಗೆರೆಯೊಂದನ್ನು ಎಳೆದರು. ಆ ಗೆರೆಯೇ ಸೂತ್ರವಾಯಿತು. 2002ರಲ್ಲಿ ಸಂಶೋಧಕರಾದ ರಾಬರ್ಗ್ಸ್ ಮತ್ತು ಲ್ಯಾಂಡ್‌ವೆರ್ ಇದರ ಮೂಲ ಹುಡುಕಿ ಹೊರಟಾಗ, ಇದಕ್ಕೆಂದೇ ನಡೆಸಿದ ಸಂಶೋಧನೆ ಯಾವುದೂ ಸಿಗಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ತನಾಕಾ ಮತ್ತು ಸಂಗಡಿಗರು, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವ ಸೂತ್ರ ಕೊಟ್ಟಿದ್ದರು. 70ರ ಹಿರಿಯರಿಗೆ ಹಳೆಯದು 150 ಎಂದರೆ ಹೊಸದು 159 ಎನ್ನುತ್ತದೆ. ಹೊಸದು ವಾಸಿ, ಆದರೆ ಅದೂ ಸರಾಸರಿಯೇ. ಒಂದೇ ವಯಸ್ಸಿನವರಲ್ಲೇ ಹತ್ತು, ಹನ್ನೆರಡು ಬಡಿತಗಳ ಹೆಚ್ಚುಕಡಿಮೆ ತೀರಾ ಸಾಮಾನ್ಯ.

ಈ ಹೆಚ್ಚುಕಡಿಮೆಯ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ಐವತ್ತರ ಇಬ್ಬರಿಗೂ ಹಳೆಯ ಸೂತ್ರ ಕೊಡುವುದು 170. ಅದರ ಶೇ 85 ಎಂದರೆ ಸುಮಾರು 145. ಒಬ್ಬರ ನಿಜವಾದ ಗರಿಷ್ಠ 185 ಇದ್ದರೆ 145 ಅವರಿಗೆ ಶೇ 78 ಮಾತ್ರ, ಇನ್ನೂ ದಮ್ಮು ಉಳಿದಿರುತ್ತದೆ. ಇನ್ನೊಬ್ಬರ ಗರಿಷ್ಠ 155 ಆಗಿದ್ದರೆ ಅದೇ 145 ಶೇ 93 ದಾಟಿ, ಏದುಸಿರು ಬಂದಿರುತ್ತದೆ. ಮೊದಲನೆಯವರ ಟಿಎಂಟಿಯನ್ನು ಅಲ್ಲಿಗೇ ನಿಲ್ಲಿಸಿದರೆ, ಇನ್ನೂ ಮುಂದೆ ಹೋದಾಗ ಕಾಣಿಸಬಹುದಾಗಿದ್ದ ತೊಂದರೆ ಕಾಣದೆಯೇ ಉಳಿಯಬಹುದು. ಅವರು ಮಾತ್ರ 'ನಾರ್ಮಲ್' ಎಂಬ ವರದಿ ಹಿಡಿದು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

ವ್ಯಾಯಾಮದ ಸಾಮರ್ಥ್ಯ ಪರೀಕ್ಷಿಸುವ ಪ್ರಯೋಗಾಲಯ ಸೂತ್ರದಂತೆ ಅಂದಾಜು ಮಾಡುವುದಿಲ್ಲ, ಅಳೆಯುತ್ತದೆ. ಬಾಯಿ ಮೂಗಿಗೆ ಮುಖವಾಡ ಕಟ್ಟಿ, ಟ್ರೆಡ್‌ಮಿಲ್ಲಿನ ವೇಗ ಮತ್ತು ಏರನ್ನು ಹಂತಹಂತವಾಗಿ ಹೆಚ್ಚಿಸುತ್ತಾ, ದೇಹ ಬಳಸುವ ಆಮ್ಲಜನಕವನ್ನೂ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಲೆಕ್ಕ ಹಾಕುತ್ತಾರೆ. ಬೆರಳಿನಿಂದಲೋ ಕಿವಿಹಾಲೆಯಿಂದಲೋ ತೆಗೆದ ರಕ್ತದ ಒಂದು ಹನಿಯಲ್ಲಿ, ಸ್ನಾಯುಗಳು ದುಡಿಯುವಾಗ ಉಂಟಾಗುವ ಲ್ಯಾಕ್ಟೇಟ್ ಏರಿದ್ದು ತಿಳಿಯುತ್ತದೆ. ಇಲ್ಲೂ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಅಂಕಿಯೊಂದಕ್ಕೇ ಜೋತುಬೀಳಬಾರದು. ಆ ಅಂಕಿ ಸಮವಾಗಿದ್ದರೂ ಲ್ಯಾಕ್ಟೇಟ್ ಒಬ್ಬರಿಗೆ ಬೇಗ ಏರುತ್ತದೆ, ಇನ್ನೊಬ್ಬರಿಗೆ ತಡವಾಗಿ. ವ್ಯಾಯಾಮದ ತೀವ್ರತೆಯನ್ನು ನಿರ್ಧರಿಸಬೇಕಾದದ್ದು ಈ ಏರಿಕೆ ಶುರುವಾಗುವ ಘಟ್ಟ.

ಎಲ್ಲರಿಗೂ ಪ್ರಯೋಗಾಲಯ ಎಟಕುವುದಿಲ್ಲ ಎಂಬ ಆಕ್ಷೇಪ ನಿಜ. ಹಾಗೆಂದು ತಪ್ಪು ಅಂಕಿಗೆ ಶರಣಾಗಬೇಕಿಲ್ಲ. ನಡೆಯುವಾಗ ಪೂರ್ತಿ ವಾಕ್ಯ ಸಲೀಸಾಗಿ ಆಡಲು ಆಗುತ್ತಿದ್ದರೆ ಲ್ಯಾಕ್ಟೇಟ್ ಏರುವ ಆ ಘಟ್ಟದ ಕೆಳಗಿದ್ದೀರಿ; ಮಾತು ತುಂಡಾಗತೊಡಗಿದರೆ ಹತ್ತಿರ ಬಂದಿದ್ದೀರಿ. ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗಂತೂ 220ರ ಸೂತ್ರ ಹೊಂದುವುದೇ ಇಲ್ಲ, ಮಾತ್ರೆಯೇ ಬಡಿತವನ್ನು ತಗ್ಗಿಸಿರುತ್ತದೆ. ಅಂಥವರು ಎಷ್ಟು ಬಡಿತದವರೆಗೆ ವ್ಯಾಯಾಮ ಮಾಡಬಹುದೆಂದು ತಮ್ಮದೇ ಪರೀಕ್ಷೆಯ ಆಧಾರದ ಮೇಲೆ ಹೇಳುವಂತೆ ವೈದ್ಯರನ್ನು ಕೇಳಬೇಕು.