ಮೇಲೇರಿಸುವ ಆತುರ

ಬೆಳಗ್ಗೆ ಆರರ ಹೊತ್ತಿಗೆ ಚೆನ್ನೈ ಟಿ. ನಗರದ ಪನಗಲ್ ಪಾರ್ಕಿನಲ್ಲಿ ಕಪಾಲಭಾತಿಯ ಬುಸ್ಸೆನ್ನುವ ಸದ್ದಿಲ್ಲದ ಕಲ್ಲುಬೆಂಚು ಸಿಕ್ಕರೆ ನಿಮ್ಮ ಪುಣ್ಯ. ಈಚೆಗೆ ಅದಕ್ಕೆ ಇನ್ನೊಂದು ಹುಕಿ ಸೇರಿಕೊಂಡಿದೆ, ಬೆನ್ನೆಲುಬಿನೊಳಗೆ ಉಸಿರನ್ನು ಓಡಿಸುವುದು. ಮೊಬೈಲಿನಲ್ಲಿ ಯಾರೋ ಮೆಲುದನಿಯಲ್ಲಿ ಹೇಳುತ್ತಿರುತ್ತಾರೆ: ಮೂಲಾಧಾರದಿಂದ ಎಳೆದುಕೊಳ್ಳಿ, ನೆತ್ತಿಗೆ ಮುಟ್ಟಿಸಿ, ಅಲ್ಲಿ ಹಿಡಿದಿಡಿ. ಕೇಳುವವರು ಕಣ್ಣು ಮುಚ್ಚಿ ಎಳೆಯುತ್ತಿರುತ್ತಾರೆ. ಭುಜ ಕಿವಿಯ ಹತ್ತಿರ ಬಂದಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ, ಕತ್ತಿನ ನರ ಎದ್ದಿರುತ್ತದೆ. ಶಕ್ತಿ ಏರಿತೋ ಇಲ್ಲವೋ, ರಕ್ತದೊತ್ತಡವಂತೂ ಏರಿರುತ್ತದೆ.

ಹಬೀಬುಲ್ಲಾ ರಸ್ತೆಯ ಕರ್ನಾಟಕ ಸಂಘದಲ್ಲಿ ಸಿಕ್ಕ ಹಿರಿಯರೊಬ್ಬರು ನನ್ನನ್ನು ನೇರವಾಗಿ ಕೇಳಿದರು: "ಅಲ್ಲ ಸಾರ್, ಉಸಿರು ನಿಜವಾಗಿ ಬೆನ್ನೊಳಗೆ ಹೋಗುತ್ತದೆಯೇ?" ಹೋಗುವುದಿಲ್ಲ. ಗಾಳಿ ಶ್ವಾಸಕೋಶ ದಾಟಿ ಎಲ್ಲಿಗೂ ಹೋಗದು. ಹಾಗೆಂದು ಉಸಿರಿಗೂ ಬೆನ್ನಿಗೂ ನಂಟಿಲ್ಲ ಎನ್ನುವ ಹಾಗೂ ಇಲ್ಲ. ಹನ್ನೆರಡು ಜೊತೆ ಪಕ್ಕೆಲುಬುಗಳು ಹನ್ನೆರಡು ಕಶೇರುಗಳಿಗೆ ಹಿಂದಿನಿಂದ ಕೂಡಿಕೊಂಡಿವೆ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ಬೇರುಗಳು ಸೊಂಟದ ಮೇಲ್ಭಾಗದ ಕಶೇರುಗಳ ಮುಂಬದಿಯಲ್ಲಿ ಊರಿವೆ. ಒಂದೊಂದು ಉಸಿರಿಗೂ ಬೆನ್ನೆಲುಬು ಕೂದಲೆಳೆಯಷ್ಟಾದರೂ ಅಲುಗುತ್ತದೆ. ಆ ಅಲುಗಾಟದ ಮೇಲೆ ಗಮನ ಇಟ್ಟು ಅದನ್ನು ಮೇಲೆ ಕೆಳಗೆ ನಡೆಸುವುದೇ ಈ ಅಭ್ಯಾಸದ ಮೊದಲ ಮೆಟ್ಟಿಲು. ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳೆಲ್ಲ ಆಮೇಲಿನ ಮಾತು.

ಈ ಮೆಟ್ಟಿಲನ್ನು ಕಲಿಸಿದ ಮನೆತನ ದೂರವೇನಿಲ್ಲ: ಟಿ. ನಗರದಿಂದ, ಟ್ರಾಫಿಕ್ ಕರುಣಿಸಿದರೆ, ಆಟೋದಲ್ಲಿ ಅರ್ಧ ಗಂಟೆಯೊಳಗೆ ಮಂದವೇಲಿ. ಅಲ್ಲಿರುವ ಕೃಷ್ಣಮಾಚಾರ್ಯ ಯೋಗ ಮಂದಿರಂ, ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ತಂದೆಯ ಹೆಸರಿನಲ್ಲಿ ಕಟ್ಟಿದ್ದು. ತಂದೆ ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ನಮ್ಮ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು, 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲೇ ಬರೆದರು. ಸ್ವಾತಂತ್ರ್ಯ ಬಂದು ಅರಮನೆಯ ಆಶ್ರಯ ತಪ್ಪಿತು, ಶಾಲೆ ಮುಚ್ಚಿತು. ಅರವತ್ತು ದಾಟಿದ ಮೇಲೆ, 1952ರಲ್ಲಿ, ಮದ್ರಾಸಿಗೆ ಬಂದು ಹೊಸದಾಗಿ ಸಂಸಾರ ಹೂಡಿದರು. 1989ರಲ್ಲಿ ತೀರಿಕೊಂಡಾಗ ನೂರು ತುಂಬಿತ್ತು. ಮೈಸೂರಿನ ಹುಡುಗರಿಗೆ ಜಿಗಿದಾಡಿಸಿ ಆಸನ ಕಲಿಸಿದ ಮನುಷ್ಯ ಇಲ್ಲಿ ಒಬ್ಬೊಬ್ಬ ರೋಗಿಯನ್ನೂ ಎದುರಿಗೆ ಕೂರಿಸಿಕೊಂಡು ಉಸಿರಿನ ಉದ್ದ ನೋಡುತ್ತಿದ್ದರು. ಮದ್ರಾಸಿನ ಕೃಷ್ಣಮಾಚಾರ್ಯರೇ ನನಗೆ ಹೆಚ್ಚು ಇಷ್ಟ. ಮೈಸೂರಿನವರಿಗೆ ಬೇಸರವಾದರೆ ಆಗಲಿ.

ಬೆನ್ನಿನ ವಿಷಯದಲ್ಲಿ ಕೃಷ್ಣಮಾಚಾರ್ಯರು ಹೇಳಿದ್ದು ಪೇಟೆಯಲ್ಲಿ ಬಿಕರಿಯಾಗುವ ಕುಂಡಲಿನಿ ಕತೆಗೆ ತದ್ವಿರುದ್ಧ. ಮಲಗಿರುವ ಹಾವನ್ನು ಎಬ್ಬಿಸಿ ಮೇಲೇರಿಸಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು, ಹಠಯೋಗ ಪ್ರದೀಪಿಕೆಯನ್ನು ಹಿಡಿದವರಲ್ಲಿ ಹೆಚ್ಚಿನವರದೂ ಅದೇ. ಅವರು ಹಿಡಿದದ್ದು ಯೋಗ ಯಾಜ್ಞವಲ್ಕ್ಯ ಎಂಬ ಗ್ರಂಥವನ್ನು. ಅವರ ಪಾಠದಲ್ಲಿ ಕುಂಡಲಿನಿ ಶಕ್ತಿಯಲ್ಲ, ಸುಷುಮ್ನೆಯ ಬಾಯಿಗೆ ಅಡ್ಡ ಬಿದ್ದ ತಡೆ. ಅದು ತೊಲಗಬೇಕು, ಏರುವುದು ಪ್ರಾಣ. ಮಗ ದೇಶಿಕಾಚಾರ್ ಇದನ್ನು 1995ರ 'ದಿ ಹಾರ್ಟ್ ಆಫ್ ಯೋಗ'ದಲ್ಲಿ ಬಿಡಿಸಿ ಬರೆದಿದ್ದಾರೆ. ಎದೆಯಲ್ಲಿ ಪ್ರಾಣ, ಕಿಬ್ಬೊಟ್ಟೆಯಲ್ಲಿ ಅಪಾನ, ನಡುವೆ ಅಗ್ನಿ. ಅಪಾನದ ಜಾಗದಲ್ಲಿ ಕಸ ಕಟ್ಟಿಕೊಂಡಿದೆ. ಪೂರಕದಲ್ಲಿ, ಅಂದರೆ ಉಸಿರು ಎಳೆದುಕೊಳ್ಳುವಾಗ, ಗಾಳಿ ಕೆಳಗಿಳಿದಂತೆ ಉರಿಯ ನಾಲಗೆ ಆ ಕಸದತ್ತ ಬಾಗುತ್ತದೆ, ರೇಚಕದಲ್ಲಿ, ಅಂದರೆ ಬಿಡುವಾಗ, ಸುಟ್ಟದ್ದನ್ನು ಹೊತ್ತು ಮೇಲೆ ಬರುತ್ತದೆ. ಸೌದೆ ಒಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೂದಿ ತೆಗೆಯದೆ ಎಷ್ಟು ಊದಿದರೂ ಹೊಗೆಯೇ.

ಹಾಗಾಗಿ ಇಲ್ಲಿ ಯಜಮಾನಿಕೆ ರೇಚಕದ್ದು. ಎಳೆದುಕೊಂಡದ್ದರ ಎರಡರಷ್ಟು ಹೊತ್ತು ಬಿಡುವುದು ಮಾಮೂಲಿ ಲೆಕ್ಕ. ಇನ್ನೊಂದು ವಿಶೇಷವಿದೆ. ಬಹಳ ಕಡೆ ಮೊದಲು ಹೊಟ್ಟೆ ತುಂಬಿ ಆಮೇಲೆ ಎದೆ ತುಂಬಿ ಎನ್ನುತ್ತಾರೆ, ಈ ಮನೆತನದಲ್ಲಿ ಪೂರಕ ಎದೆಯಿಂದ ಶುರುವಾಗಿ ಕೆಳಗಿಳಿಯುತ್ತದೆ. ರೇಚಕ ಹೊಟ್ಟೆಯ ಬುಡದಿಂದ ಶುರುವಾಗಿ ಮೇಲೆ ಬರುತ್ತದೆ. ಎದೆ ಮೊದಲು ಅರಳಿದರೆ ಬೆನ್ನಿನ ಮೇಲ್ಭಾಗ ತಾನಾಗಿ ನೆಟ್ಟಗಾಗುತ್ತದೆ, ಹೊಟ್ಟೆ ಮೊದಲು ಒಳಸರಿದರೆ ಸೊಂಟ ನೆಲೆ ನಿಲ್ಲುತ್ತದೆ. ಇದನ್ನು ಒಪ್ಪದ ಗುರುಗಳು ಬೇಕಾದಷ್ಟು ಮಂದಿ. ದಿನವಿಡೀ ಕಂಪ್ಯೂಟರಿನ ಮುಂದೆ ಗೂನು ಹಾಕಿ ಕೂರುವವರಿಗೆ ಇದೇ ಸರಿ ಎಂದು ನನ್ನ ಮತ.

ಕೂತು ಮಾಡುವ ಮುಂಚೆ ಮಲಗಿ ನೋಡಿ. ದ್ವಿಪಾದಪೀಠ ಸಾಕು. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಪಾದಗಳನ್ನು ಸೊಂಟದಗಲಕ್ಕೆ ಊರಿ. ಉಸಿರು ತೆಗೆದುಕೊಳ್ಳುತ್ತ ಸೊಂಟ ಎತ್ತಿ, ಬಿಡುತ್ತ ಇಳಿಸಿ. ರುಚಿಯೆಲ್ಲ ಇಳಿಸುವುದರಲ್ಲಿದೆ. ಮೊದಲು ಹೆಗಲ ನಡುವಿನ ಮೂಳೆ ನೆಲ ಮುಟ್ಟಬೇಕು, ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು, ಕೊನೆಗೆ ಪೃಷ್ಠ. ಬೆನ್ನಿನ ನಡುಭಾಗದವರೆಗೆ ಎಲ್ಲರೂ ಚೆನ್ನಾಗಿಯೇ ಬರುತ್ತಾರೆ. ಸೊಂಟದ ಹತ್ತಿರ ಬಂದಾಗ ನಾಲ್ಕೈದು ಮೂಳೆ ಒಟ್ಟಿಗೇ ಧೊಪ್ಪೆಂದು ಬೀಳುತ್ತವೆ, ಅಲ್ಲಿಗೆ ಉಸಿರು ಮುಗಿದುಹೋಗಿರುತ್ತದೆ. ಉಸಿರು ಮೊದಲು ಹೊರಡಬೇಕು, ಮೈ ಅದರ ಹಿಂದೆ. ಮೈ ನಿಂತ ಮೇಲೂ ಉಸಿರು ಒಂದು ಚೂರು ಉಳಿದಿರಬೇಕು. ಧೊಪ್ಪೆನ್ನುವ ಆ ಜಾಗ ಒಂದೊಂದೇ ಮೂಳೆಯಾಗಿ ಬಿಡಿಸಿಕೊಂಡ ದಿನ, ಉಸಿರನ್ನು ಬೆನ್ನಿನುದ್ದಕ್ಕೂ ನಡೆಸುವುದು ಅಂದರೇನು ಎಂದು ಬಣ್ಣದ ಚಿತ್ರವಿಲ್ಲದೆಯೂ ತಿಳಿಯುತ್ತದೆ.

ಬಣ್ಣದ ಚಿತ್ರ ಎಂದೆ. ಬೆನ್ನೆಲುಬಿಗೆ ಚಕ್ರಗಳೆಂದು ಕಾಮನಬಿಲ್ಲಿನ ಏಳು ಬಣ್ಣದ ಬಿಲ್ಲೆ ಅಂಟಿಸಿದ ಚಾರ್ಟು ಈಗ ಪ್ರತಿ ಯೋಗ ತರಗತಿಯ ಗೋಡೆಯ ಮೇಲೂ ಇದೆ. ಷಟ್ಚಕ್ರ ನಿರೂಪಣ 1577ರ ಬಂಗಾಳದ ಸಂಸ್ಕೃತ ಗ್ರಂಥ, ಅದರ ಬಣ್ಣಗಳೇ ಬೇರೆ. 1927ರಲ್ಲಿ ನಮ್ಮ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯಿಂದ ಲೆಡ್‌ಬೀಟರ್ ತಮ್ಮ ಚಕ್ರಗಳ ಪುಸ್ತಕವನ್ನು ಬಣ್ಣದ ಚಿತ್ರಗಳ ಸಮೇತ ತಂದರು, ಅದೂ ಕಾಮನಬಿಲ್ಲಿನ ಕ್ರಮವಲ್ಲ. ಆ ಕ್ರಮ ನೆಲೆಯೂರಿದ್ದು ಅದಕ್ಕೂ ಈಚೆಗೆ, ಪಶ್ಚಿಮದಲ್ಲಿ. ಚಾರ್ಟು ಚೆನ್ನಾಗಿದೆ, ಇರಲಿ. ಋಷಿಮುನಿಗಳ ಸಹಿ ಮಾತ್ರ ಹಾಕಬೇಡಿ.

ಕೃಷ್ಣಮಾಚಾರ್ಯರೆಂಬ ಒಬ್ಬ ಗುರುವಿನ ಶಿಷ್ಯರೇ ಬೆನ್ನನ್ನು ಮೂರು ಬಗೆಯಲ್ಲಿ ಕಂಡದ್ದು ನನಗೆ ಸದಾ ಕುತೂಹಲದ ಸಂಗತಿ. ಹಾಸನ ಜಿಲ್ಲೆಯ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು 1962ರಲ್ಲಿ ಕನ್ನಡದಲ್ಲಿ 'ಯೋಗ ಮಾಲಾ' ಪ್ರಕಟಿಸಿದವರು. ಅವರಲ್ಲಿ ಮೂಲಬಂಧವನ್ನು, ಅಂದರೆ ಗುದದ ಸ್ನಾಯುವಿನ ಬಿಗಿತವನ್ನು, ಅಭ್ಯಾಸದುದ್ದಕ್ಕೂ ಬಿಡುವಂತಿಲ್ಲ, ಬೆವರು ಸುರಿಯುತ್ತಿರಲಿ, ಕಾಲು ಕತ್ತಿನ ಮೇಲಿರಲಿ. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಆಸನದಲ್ಲಿ ಬೆನ್ನು ಪಳಗುವವರೆಗೆ ಪ್ರಾಣಾಯಾಮಕ್ಕೆ ಬಿಡುತ್ತಿರಲಿಲ್ಲ. ಬಿಟ್ಟ ಮೇಲೂ ಬೆನ್ನೆಲುಬಿನ ಕೆಳಗೆ ಮಡಿಸಿದ ಕಂಬಳಿ ಇಟ್ಟು ಮಲಗಿಸುತ್ತಿದ್ದರು, ಎದೆ ತಾನೇ ತೆರೆದುಕೊಳ್ಳಲಿ ಎಂದು. ದೇಶಿಕಾಚಾರ್ ಎದುರಿಗಿರುವವರ ವಯಸ್ಸು, ಕೆಲಸ, ಕಾಯಿಲೆ ಕೇಳಿ ಆಮೇಲೆ ಉಸಿರಿನ ಅಳತೆ ಹೇಳುತ್ತಿದ್ದರು. ಬಿಡುವ ಉಸಿರನ್ನು ಪಾಠದ ನಡುವಿಗೆ ತಂದದ್ದರಿಂದ ನಾನು ಮಂದವೇಲಿಯ ಪಕ್ಷ. ಆದರೂ ಕಂಬಳಿಯ ಉಪಾಯವನ್ನು ಅಯ್ಯಂಗಾರರಿಂದ ಕದ್ದಿದ್ದೇನೆ.

ಬಂಧದ ವಿಷಯದಲ್ಲಿ ಹುಡುಗಾಟ ಬೇಡ. 1935ರಲ್ಲಿ ತೆರೇಸ್ ಬ್ರೋಸ್ ಎಂಬ ಫ್ರೆಂಚ್ ಹೃದಯತಜ್ಞೆ ಇಸಿಜಿ ಯಂತ್ರ ಹೊತ್ತು ಬಂದು ಕೃಷ್ಣಮಾಚಾರ್ಯರನ್ನು ಪರೀಕ್ಷಿಸಿದರು. ಯೋಗಿ ಹೃದಯ ನಿಲ್ಲಿಸಿದರು ಎಂಬ ಮಾತು ಅಲ್ಲಿಂದ ಹಬ್ಬಿತು. ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ಇಂಥ ಪ್ರಯೋಗಗಳನ್ನು ಮತ್ತೆ ಮಾಡಿ 1961ರಲ್ಲಿ ಪ್ರಕಟಿಸಿದರು. ಹೃದಯ ನಿಂತಿರಲಿಲ್ಲ. ಉಸಿರು ಕಟ್ಟಿ ಹೊಟ್ಟೆ, ಎದೆ ಬಿಗಿಹಿಡಿದಾಗ ಎದೆಯೊಳಗಿನ ಒತ್ತಡ ಏರುತ್ತದೆ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಮಣಿಕಟ್ಟಿನ ನಾಡಿ ಕೈಗೆ ಸಿಗದಾಗುತ್ತದೆ. ನುರಿತವರ ಮೈಯಲ್ಲೇ ಇಷ್ಟು ಆಗುವುದಾದರೆ, ಬಿ.ಪಿ. ಮಾತ್ರೆ ನುಂಗಿ ಪಾರ್ಕಿಗೆ ಬಂದವರು ಮೊಬೈಲಿನ ಮಾತು ಕೇಳಿ ಉಸಿರು ಹಿಡಿದಿಡುವ ಕುಂಭಕ ಕಟ್ಟಬಾರದು. ಗರ್ಭಿಣಿಯರೂ ಅಷ್ಟೇ. ಅವರಿಗೆ ಉದ್ದನೆಯ ರೇಚಕ ಸಾಕು, ಬಂಧವೂ ಬೇಡ, ತಡೆಯೂ ಬೇಡ. ಪದ್ಮಾಸನಕ್ಕಾಗಿ ಮಂಡಿಯ ಜೊತೆ ಗುದ್ದಾಡುವ ಅಗತ್ಯವೂ ಇಲ್ಲ. ಒರಗದೆ, ಪಾದ ನೆಲಕ್ಕೆ ತಾಗುವಂತೆ, ಊಟದ ಮೇಜಿನ ಕುರ್ಚಿಯ ತುದಿಯಲ್ಲಿ ಕೂತರೆ ಆಯಿತು. ಕಾಫಿ ಮಾತ್ರ ಆಮೇಲೆ.